ಹದಿಮೂರು ರೂಪಾಯಿ ಬಾಡಿಗೆಯ ಮನೆ

ಮೈಸೂರಿನ ಕೃಷ್ಣಮೂರ್ತಿಪುರಂನ ಆ ಹೆಂಚಿನ ಮನೆಗೆ ಮರಿಸ್ವಾಮಿ ಹೆಂಡತಿ ದೇವೀರಮ್ಮನನ್ನೂ ಆರು ತಿಂಗಳ ಮಗಳು ಇಂದ್ರಳನ್ನೂ ಕರೆದುಕೊಂಡು ಬಂದದ್ದು ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ. ಆಗ ಅವನಿಗೆ ಇಪ್ಪತ್ತೇಳು ವರ್ಷ. ಸಂತೇಪೇಟೆಯ ಹಿಂದಿನ ಬೀದಿಯ ಒಂದು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸ. ಊರು ವರುಣದ ಕಡೆ. ಅಲ್ಲಿ ಅಣ್ಣನೊಂದಿಗೆ ಇನ್ನೂ ಭಾಗವಾಗದ ಎರಡೂವರೆ ಎಕರೆ ಹೊಲ. ಅಷ್ಟೇ ಅವನ ಆಸ್ತಿ.

ಮನೆಯ ಒಡತಿ ಸರ್ವಮಂಗಳಮ್ಮ. ಅವರ ಯಜಮಾನರು ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಸರ್ವೀಸಿನಲ್ಲಿ ಕೂಡಿಟ್ಟದ್ದನ್ನೆಲ್ಲ ಸುರಿದು ಆ ಮನೆ ಕಟ್ಟಿಸಿ, ಗೃಹಪ್ರವೇಶವಾದ ಮೂರನೇ ವರ್ಷಕ್ಕೆ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಅಕ್ಕ ಒಬ್ಬಳೇ ಯಾಕಿರಬೇಕೆಂದು ಚಾಮರಾಜನಗರದಲ್ಲಿ ಜವಳಿ ಅಂಗಡಿ ಇಟ್ಟಿದ್ದ ತಮ್ಮ ಸದಾಶಿವಯ್ಯ ಬಂದು ಕರೆದುಕೊಂಡು ಹೋಗಿದ್ದ. ಹೋಗುವ ಮುಂಚೆ ಸರ್ವಮಂಗಳಮ್ಮ ಬಾಡಿಗೆಗೆ ಬಂದವರನ್ನೆಲ್ಲ ತಾವೇ ಮಾತಾಡಿಸಿ ನೋಡಿದರು. ಹದಿನೆಂಟು ಕೊಡುತ್ತೇನೆಂದವರೂ ಇದ್ದರು. ಆದರೆ ದೇವೀರಮ್ಮ ಬಂದವಳೇ ಹಿತ್ತಲಿಗೆ ಹೋಗಿ, ಬಾವಿಯ ಕಟ್ಟೆಯ ಮೇಲೆ ಬಿದ್ದಿದ್ದ ಎಲೆಗಳನ್ನು ಕೈಯಿಂದಲೇ ಬಳಿದು ಪಕ್ಕಕ್ಕೆ ಹಾಕಿದ್ದನ್ನು ನೋಡಿ, ಹದಿಮೂರಕ್ಕೆ ಮರಿಸ್ವಾಮಿಗೆ ಬೀಗದ ಕೈ ಕೊಟ್ಟರು.

ಮುಂದೆ ಜಗಲಿ, ಜಗಲಿಗೆ ಹೊಂದಿಕೊಂಡು ಬೀದಿ ಕಡೆಗೆ ಕಿಟಕಿಯಿದ್ದ ಒಂದು ರೂಮು, ಒಳಗೆ ನಡುಮನೆ, ಇನ್ನೊಂದು ರೂಮು, ಅಡುಗೆಮನೆ, ಬಚ್ಚಲು. ಹಳ್ಳಿಯಲ್ಲಿ ದನದ ಕೊಟ್ಟಿಗೆಯ ಪಕ್ಕದಲ್ಲಿ ಮಲಗಿ ಬೆಳೆದ ದೇವೀರಮ್ಮನಿಗೆ ಅದು ಅರಮನೆಯಾಯಿತು. ವಾರಕ್ಕೊಮ್ಮೆ ಇಡೀ ನೆಲ ತೊಳೆಯುತ್ತಿದ್ದಳು. ಹಿತ್ತಲಿನಲ್ಲಿ ಸೊಪ್ಪು, ಬದನೆ ಹಾಕಿದಳು. ಸರ್ವಮಂಗಳಮ್ಮ ವರ್ಷಕ್ಕೆ ಎರಡು ಸಲ ಬಂದು, ಒಂದು ದಿನ ಇದ್ದು, ಸೊಪ್ಪು ಕಟ್ಟಿಸಿಕೊಂಡು ಹೋಗುತ್ತಿದ್ದರು. ಬಾಡಿಗೆ ತಿಂಗಳು ತಿಂಗಳು ಮನಿಯಾರ್ಡರಿನಲ್ಲಿ ಹೋಗುತ್ತಿತ್ತು.

ಹೀಗೆ ನಾಲ್ಕು ವರ್ಷ ಕಳೆಯಿತು. ಐವತ್ತೆರಡರ ಶ್ರಾವಣದಲ್ಲಿ ಸರ್ವಮಂಗಳಮ್ಮನ ಕಾಗದ ಬಂತು. ಮನೆಯನ್ನು ಮಾರಬೇಕೆಂದಿದ್ದೇನೆ, ಮೊದಲು ನಿಮ್ಮನ್ನೇ ಕೇಳುತ್ತಿದ್ದೇನೆ ಎಂದು ಬರೆದಿದ್ದರು. ‘ನನ್ನದು ಅಂತ ನಾನು ನೋಡಿಕೊಂಡದ್ದಕ್ಕಿಂತ ಚೆನ್ನಾಗಿ ನೀವು ಆ ಮನೆಯನ್ನು ನೋಡಿಕೊಂಡಿದ್ದೀರಿ. ನಾಲ್ಕೂವರೆ ಸಾವಿರಕ್ಕೆ ಕೊಡುತ್ತೇನೆ. ಅರ್ಧ ಈಗ ಕೊಟ್ಟರೆ ಉಳಿದದ್ದನ್ನು ಮೂರು ವರ್ಷದಲ್ಲಿ ತೀರಿಸಬಹುದು. ನನಗಿನ್ನು ಮೈಸೂರಿಗೆ ಬಂದು ಇರುವ ಯೋಚನೆ ಇಲ್ಲ. ತಮ್ಮನ ಮನೆಯೇ ನನ್ನ ಮನೆ.’

ದೇವೀರಮ್ಮನಿಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ. ಗಂಡನ ಕೈಲಿ ಆ ಕಾಗದವನ್ನು ಎರಡು ಸಲ ಓದಿಸಿಕೊಂಡಳು. ತನ್ನ ತವರಿನ ಒಡವೆ ಇದೆ, ಹೊಲದ ಭಾಗ ಕೇಳಿ ಅದನ್ನು ಅಣ್ಣನಿಗೇ ಬಿಟ್ಟುಕೊಟ್ಟರೆ ಮೊದಲ ಕಂತಿಗೆ ಆದೀತು, ಉಳಿದದ್ದಕ್ಕೆ ತಾನು ಎರಡು ಹಸು ಕಟ್ಟಿ ಹಾಲು ಮಾರುತ್ತೇನೆ ಎಂದಳು. ಅವಳು ಅಷ್ಟು ಉದ್ದ ಮಾತಾಡಿದ್ದನ್ನು ಮರಿಸ್ವಾಮಿ ಅಲ್ಲಿಯವರೆಗೆ ಕೇಳಿರಲಿಲ್ಲ.

ಆದರೆ ಅವನಿಗೆ ಧೈರ್ಯ ಬರಲಿಲ್ಲ. ಸಂಬಳ ಐವತ್ತೈದು ರೂಪಾಯಿ. ನಾಲ್ಕೂವರೆ ಸಾವಿರವೆಂದರೆ ಉಣ್ಣದೆ ಉಡದೆ ಏಳು ವರ್ಷ ದುಡಿದ ದುಡ್ಡು. ಹೊಲ ಬಿಟ್ಟರೆ ಊರಿನಲ್ಲಿ ತನಗೆ ಕಾಲೂರಲು ಜಾಗವಿರುವುದಿಲ್ಲ, ನಾಳೆ ಅಚ್ಚುಕೂಟ ಮುಚ್ಚಿದರೆ ಗತಿಯೇನು ಎಂದು ಯೋಚಿಸಿದ. ಜೊತೆಯಲ್ಲಿ ಮೊಳೆ ಜೋಡಿಸುತ್ತಿದ್ದ ಲಿಂಗಯ್ಯ ಅವನಿಗಿಂತ ಹದಿನೈದು ವರ್ಷ ದೊಡ್ಡವನು, ಲೋಕ ಕಂಡವನು. ಅವನನ್ನು ಕೇಳಿದಾಗ ಅವನು ನಕ್ಕುಬಿಟ್ಟ. ಹೊಸ ಬಾಡಿಗೆ ಕಾಯಿದೆ ಬಂದಿದೆ, ಇನ್ನು ಮನೆಯವರು ಬಾಡಿಗೆ ಏರಿಸುವ ಹಾಗಿಲ್ಲ, ಬಿಡಿಸುವ ಹಾಗೂ ಇಲ್ಲ, ಹದಿಮೂರು ರೂಪಾಯಿಗೆ ಸಾಯೋತನಕ ಇರಬಹುದಾದ ಮನೆಗೆ ನಾಲ್ಕೂವರೆ ಸಾವಿರ ಸುರಿಯುವವನು ಪೆದ್ದ ಎಂದ. ಮಾತು ಮರಿಸ್ವಾಮಿಗೆ ಹಿಡಿಸಿತು. ಅವನಿಗೆ ಬೇಕಾಗಿದ್ದದ್ದೂ ಅದೇ ಮಾತು.

ಸದ್ಯಕ್ಕೆ ಅನುಕೂಲವಿಲ್ಲವೆಂದು ಸರ್ವಮಂಗಳಮ್ಮನಿಗೆ ಬರೆದು ಹಾಕಿದ. ದೇವೀರಮ್ಮ ಅವರ ಕಾಗದವನ್ನು ಮಡಿಚಿ ತನ್ನ ಟ್ರಂಕಿನಲ್ಲಿ ಧಾರೆ ಸೀರೆಯ ಕೆಳಗೆ ಇಟ್ಟಳು. ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ಅದಕ್ಕೆ ಬೇರೆ ಉತ್ತರ ಬರೆಯಬಹುದೆಂದು ಅವಳ ಮನಸ್ಸಿನಲ್ಲಿತ್ತು.

ಬೇರೆಯವರು ಇಬ್ಬರು ಮೂವರು ಮನೆ ನೋಡಿ ಹೋದರು. ಒಳಗೆ ಬಾಡಿಗೆಯವರಿದ್ದಾರೆ, ಬಿಡಿಸುವುದು ಕಷ್ಟ ಎಂದು ತಿಳಿದ ಮೇಲೆ ಯಾರೂ ಮತ್ತೆ ಬರಲಿಲ್ಲ. ಮಾರುವ ಮಾತು ಅಲ್ಲಿಗೆ ನಿಂತಿತು.

ಐವತ್ತೈದರಲ್ಲಿ ಸದಾಶಿವಯ್ಯ ಹೃದಯ ನಿಂತು ಹೋದ. ಅವನ ಹೆಂಡತಿ ನೀಲಮ್ಮನಿಗೆ ಅತ್ತಿಗೆ ಮನೆಯಲ್ಲಿರುವುದು ಮೊದಲಿನಿಂದಲೂ ಅಷ್ಟಕ್ಕಷ್ಟೆ. ಬಾಯಿಬಿಟ್ಟು ಹೋಗು ಎನ್ನಲಿಲ್ಲ. ಊಟಕ್ಕೆ ಕರೆಯುವುದನ್ನು ನಿಲ್ಲಿಸಿದಳು. ಸರ್ವಮಂಗಳಮ್ಮ ಮೂರು ತಿಂಗಳು ತಡೆದು, ಒಂದು ಹಾಸಿಗೆ ಸುರುಳಿ, ಒಂದು ಪೆಟ್ಟಿಗೆಯ ಜೊತೆಗೆ ಬೆಳಗಿನ ರೈಲಿಗೆ ಮೈಸೂರಿಗೆ ಬಂದರು. ಜಟಕಾ ಇಳಿದು ತಮ್ಮದೇ ಮನೆಯ ಜಗಲಿಯ ಮೇಲೆ ನೆಂಟರ ಹಾಗೆ ಕೂತರು. ದೇವೀರಮ್ಮ ಕಾಫಿ ಕೊಟ್ಟಳು. ಮರಿಸ್ವಾಮಿ ಕೆಲಸಕ್ಕೆ ಹೊರಟವನು ನಿಂತ.

ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮನೆ ಪೂರ್ತಿ ಬಿಡಿ ಎಂದು ಕೇಳಲಿಲ್ಲ.

“ಮುಂದಿನ ರೂಮು ಒಂದು ಕೊಡಿ ಮರಿಸ್ವಾಮಿ, ಸಾಕು. ಬಾಡಿಗೆ ಇಷ್ಟ ಬಂದಷ್ಟು ಕಡಿಮೆ ಮಾಡ್ಕೊಳ್ಳಿ. ನನ್ನ ಒಲೆ ನಾನು ಹಚ್ಕೋತೀನಿ. ನಿಮಗೆ ತೊಂದರೆ ಕೊಡೋಳಲ್ಲ ನಾನು.”

ಮರಿಸ್ವಾಮಿ ಸಂಜೆ ಹೇಳುತ್ತೇನೆಂದು ಹೊರಟ. ಅವನಿಗೆ ಆಗಲೇ ಒಪ್ಪಿಗೆಯೇ ಇತ್ತು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಆದರೆ ಅಚ್ಚುಕೂಟದಲ್ಲಿ ಲಿಂಗಯ್ಯನಿಗೆ ವಿಷಯ ತಿಳಿಸಿದ್ದೇ ತಡ, ಅವನು ಕೈಯಲ್ಲಿದ್ದ ಮೊಳೆಯನ್ನು ಪೆಟ್ಟಿಗೆಗೆ ಹಾಕಿ ಇತ್ತ ತಿರುಗಿದ. ಮನೆ ಒಡತಿಗೆ ಒಂದು ರೂಮು ಬಿಟ್ಟುಕೊಟ್ಟರೆ ಕಾನೂನಿನಲ್ಲಿ ಸ್ವಾಧೀನ ಕೊಟ್ಟ ಹಾಗೆ, ಇವತ್ತು ರೂಮು, ನಾಳೆ ನಡುಮನೆ, ನಾಡಿದ್ದು ನೀನು ಬೀದಿಯಲ್ಲಿ ಎಂದ. ಅವನ ಅಣ್ಣನ ಮಗನಿಗೆ ಹಾಗೇ ಆಯಿತಂತೆ. ಸಂಜೆ ಮರಿಸ್ವಾಮಿ ಮನೆಗೆ ಬರುವ ಹೊತ್ತಿಗೆ ದೇವೀರಮ್ಮ ಮುಂದಿನ ರೂಮಿನ ಸಾಮಾನನ್ನೆಲ್ಲ ನಡುಮನೆಗೆ ಸಾಗಿಸಿ ನೆಲ ಸಾರಿಸಿದ್ದಳು. ಅವನು ಜಗಲಿಯ ಮೇಲೇ ನಿಂತು, ಆಗುವುದಿಲ್ಲ ಅಮ್ಮಾವ್ರೆ, ನಮಗೇ ಜಾಗ ಸಾಲದು ಎಂದ. ಸರ್ವಮಂಗಳಮ್ಮ ಸಾರಿಸಿದ ರೂಮಿನ ಕಡೆ ಒಮ್ಮೆ ನೋಡಿದರು. ಆ ರಾತ್ರಿ ಒಂದನ್ನು ಅಲ್ಲೇ ಕಳೆದು ಬೆಳಿಗ್ಗೆ ಅಗ್ರಹಾರದಲ್ಲಿ ಗೊತ್ತಿದ್ದವರೊಬ್ಬರ ಮನೆಗೆ ಹೋದರು.

ಅವರ ಕಡೆಯ ಯಾರೋ ಹೇಳಿಕೊಟ್ಟು ಕೇಸು ಹಾಕಿಸಿದರು. ಮನೆಯವರಿಗೆ ಸ್ವಂತ ವಾಸಕ್ಕೆ ಬೇಕೆಂದರೆ ಬಿಡಬೇಕಾಗುತ್ತದೆ ಎಂದು ಮರಿಸ್ವಾಮಿಯ ವಕೀಲರು ಮೊದಲೇ ಎಚ್ಚರಿಸಿದರು. ಅವರಿಗೆ ಇರಲು ಬೇರೆ ಕಡೆ ಜಾಗವಿದೆ, ಮನೆ ಖಾಲಿ ಮಾಡಿಸಿ ಒಳ್ಳೆಯ ಬೆಲೆಗೆ ಮಾರುವುದೇ ಉದ್ದೇಶ ಎಂದು ತೋರಿಸುವುದಕ್ಕೆ ಏನಾದರೂ ಇದೆಯೇ ಎಂದು ಕೇಳಿದರು. ಮರಿಸ್ವಾಮಿಗೆ ತಕ್ಷಣ ಆ ಕಾಗದ ನೆನಪಾಯಿತು. ದೇವೀರಮ್ಮ ಬಾವಿಯ ಹತ್ತಿರ ಇದ್ದಾಗ ಟ್ರಂಕು ತೆಗೆದು, ಸೀರೆ ಎತ್ತಿ, ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೋದ.

ಕೋರ್ಟಿನಲ್ಲಿ ವಕೀಲರು ಅದನ್ನು ಗಟ್ಟಿಯಾಗಿ ಓದಿದರು. ‘ತಮ್ಮನ ಮನೆಯೇ ನನ್ನ ಮನೆ’ ಎಂಬಲ್ಲಿ ನಿಲ್ಲಿಸಿ, ಇದು ನಿಮ್ಮ ಅಕ್ಷರವೇ ಎಂದು ಸರ್ವಮಂಗಳಮ್ಮನನ್ನು ಕೇಳಿದರು.

“ನನ್ನದೇ.”

“ಇದರಲ್ಲಿ ಬರೆದಿರೋದು ನಿಜವೇ?”

“ಬರೆದಾಗ ನಿಜ.”

ತಮ್ಮ ಸತ್ತದ್ದು, ಅಲ್ಲಿ ಇರಲಾಗದೆ ಬಂದದ್ದು, ಎಲ್ಲವನ್ನೂ ಅವರು ಹೇಳಿದರು. ಆದರೆ ನಾದಿನಿ ಹೋಗು ಎಂದಳೇ ಎಂದು ಕೇಳಿದಾಗ ಇಲ್ಲವೆಂದರು. ಸುಳ್ಳು ಹೇಳಲು ಅವರಿಗೆ ಬರಲಿಲ್ಲ. ಮರಿಸ್ವಾಮಿಗೆ ಬಂತು. ಬೇರೆ ಮನೆ ಹುಡುಕಿದೆಯಾ ಎಂದರೆ, ಆರು ತಿಂಗಳಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ ಎಂದ. ಅವನು ಒಂದು ಮನೆಯ ಬಾಗಿಲನ್ನೂ ತಟ್ಟಿರಲಿಲ್ಲ.

ತೀರ್ಪು ಅವನ ಕಡೆಗೆ ಆಯಿತು. ಲಿಂಗಯ್ಯ ಅಚ್ಚುಕೂಟದಲ್ಲಿ ಎಲ್ಲರಿಗೂ ಬೋಂಡ ತರಿಸಿದ. ಮನೆಗೆ ಬಂದು ಗೆದ್ದ ಸುದ್ದಿ ಹೇಳಿದಾಗ ದೇವೀರಮ್ಮ, ಹೇಗೆ ಗೆದ್ದಿರಿ ಎಂದು ಕೇಳಿದಳು. ಅವನು ಕಾಗದದ ವಿಷಯ ಹೇಳಲೇಬೇಕಾಯಿತು. ಅವಳು ಎದ್ದು ಟ್ರಂಕಿನ ಹತ್ತಿರ ಹೋಗಲಿಲ್ಲ, ಅಳಲಿಲ್ಲ.

“ಅವರು ನಮ್ಮ ಮೇಲಿನ ಪ್ರೀತಿಗೆ ಬರೆದಿದ್ರು ಅದನ್ನ,” ಎಂದಳು. “ಅದನ್ನೇ ಅವರ ಕುತ್ತಿಗೆಗೆ ಹಾಕ್ಬುಟ್ರಲ್ಲ ನೀವು.”

ಸರ್ವಮಂಗಳಮ್ಮ ಅಗ್ರಹಾರದ ಒಂದು ವಠಾರದಲ್ಲಿ ಒಂದೇ ಕೋಣೆಯ ಮನೆ ಹಿಡಿದರು. ಎಂಟು ಸಂಸಾರಕ್ಕೆ ಒಂದು ನಲ್ಲಿ. ಬಾಡಿಗೆ ಹದಿನಾರು. ಅಂದರೆ, ಹಿತ್ತಲು ಬಾವಿ ಇದ್ದ ಸ್ವಂತ ಮನೆಯಿಂದ ಬರುತ್ತಿದ್ದದ್ದಕ್ಕಿಂತ ಮೂರು ರೂಪಾಯಿ ಹೆಚ್ಚು ಕೊಟ್ಟು ಆ ಕೋಣೆಯಲ್ಲಿ ಇರಬೇಕಾಯಿತು. ಹಪ್ಪಳ ಒತ್ತಿ, ಹೂಬತ್ತಿ ಹೊಸೆದು ಅಂಗಡಿಗೆ ಹಾಕಿ ದಿನ ಕಳೆಯುತ್ತಿದ್ದರು. ದೇವೀರಮ್ಮ ಗಂಡನಿಗೆ ಹೇಳದೆ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿಬರತೊಡಗಿದಳು. ಮೊದಲ ಸಲ ಅವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರಂತೆ. ಮೂರನೆಯ ಸಲ ಒಳಗೆ ಕರೆದರು. ಆಮೇಲೆ ಹಪ್ಪಳ ಒತ್ತಲು ಮಣೆ ಕೊಟ್ಟರು. ಮರಿಸ್ವಾಮಿಗೆ ಇದು ಗೊತ್ತಾಗದೆ ಇರಲಿಲ್ಲ. ಗೊತ್ತಿಲ್ಲದ ಹಾಗೆ ಇದ್ದ.

ಗೆದ್ದ ಮನೆಯಲ್ಲಿ ಮೊದಲಿನ ಸುಖ ಉಳಿಯಲಿಲ್ಲ. ಹೆಂಚು ಒಡೆದರೆ ಹಾಕಿಸುವವರು ಯಾರು? ಸರ್ವಮಂಗಳಮ್ಮನಲ್ಲಿ ದುಡ್ಡಿಲ್ಲ. ಮರಿಸ್ವಾಮಿ, ನನ್ನದಲ್ಲದ ಮನೆಗೆ ನಾನ್ಯಾಕೆ ಹಾಕಿಸಲಿ ಎಂದ. ಸೋರುವಲ್ಲಿ ಪಾತ್ರೆ ಇಟ್ಟರು. ಅಡುಗೆಮನೆಯ ಒಂದು ತೊಲೆಗೆ ಗೆದ್ದಲು ಹಿಡಿಯಿತು. ದೇವೀರಮ್ಮ ನೆಲ ತೊಳೆಯುವುದನ್ನು ಬಿಟ್ಟು ಬರೀ ಗುಡಿಸತೊಡಗಿದಳು. ಹೊರಗೆ ಮಾತ್ರ ಕೃಷ್ಣಮೂರ್ತಿಪುರಂ ಬೆಳೆಯುತ್ತಿತ್ತು. ಎದುರು ಮನೆಯ ಮೇಷ್ಟರು ಮಹಡಿ ಎತ್ತಿದರು. ಪಕ್ಕದ ಖಾಲಿ ಸೈಟು, ಒಂದು ಕಾಲದಲ್ಲಿ ಎಂಟುನೂರಕ್ಕೆ ಕೇಳುವವರಿಲ್ಲದ್ದು, ನಾಲ್ಕು ಸಾವಿರಕ್ಕೆ ಹೋಯಿತು. ಆ ಸುದ್ದಿ ಬಂದ ದಿನ ಮರಿಸ್ವಾಮಿಗೆ ಊಟ ರುಚಿಸಲಿಲ್ಲ.

ಅರವತ್ತೊಂದರಲ್ಲಿ ಸರ್ವಮಂಗಳಮ್ಮ ಮನೆಯನ್ನು ಅಕ್ಕಿ ಮಂಡಿಯ ಬಸವರಾಜು ಅವರಿಗೆ ಮಾರಿದರು. ಈ ಸಲ ಮರಿಸ್ವಾಮಿಯನ್ನು ಕೇಳಲಿಲ್ಲ. ಒಳಗೆ ಬಾಡಿಗೆಯವನನ್ನು ಇಟ್ಟುಕೊಂಡಿದ್ದ ಮನೆಯಾದ್ದರಿಂದ ಆರು ಸಾವಿರಕ್ಕೆ ಹೋಯಿತು. ಖಾಲಿಯಿದ್ದಿದ್ದರೆ ಹದಿಮೂರು ಸಾವಿರಕ್ಕೆ ಕಡಿಮೆಯಿರಲಿಲ್ಲ ಎಂದು ಬೀದಿಯವರೆಲ್ಲ ಹೇಳಿದರು. ಆ ಆರು ಸಾವಿರಕ್ಕೆ ಅವರಿಗೂ ಊರೊಳಗೆ ಎಲ್ಲೂ ಮನೆ ಸಿಗುತ್ತಿರಲಿಲ್ಲ. ಬ್ಯಾಂಕಿನಲ್ಲಿಟ್ಟು, ಬಡ್ಡಿಯಲ್ಲಿ ಅದೇ ವಠಾರದ ಕೋಣೆಯಲ್ಲೇ ಉಳಿದರು.

ಬಸವರಾಜು ಮರ್ಯಾದಸ್ಥರು. ಬಂದು ಜಗಲಿಯ ಮೇಲೆ ಕೂತು, ಮನೆ ಕೆಡವಿ ಇಬ್ಬರು ಗಂಡುಮಕ್ಕಳಿಗೆ ಎರಡು ಅಂತಸ್ತು ಕಟ್ಟಿಸಬೇಕೆಂದಿದ್ದೇನೆ, ಕೋರ್ಟಿಗೆ ಹೋದರೂ ಗೆದ್ದಲು ಹಿಡಿದ ಆ ತೊಲೆ ನೋಡಿದವರು ನನ್ನ ಕಡೆಗೇ ಹೇಳುತ್ತಾರೆ, ಅದೆಲ್ಲ ಯಾಕೆ, ಒಂದೂವರೆ ಸಾವಿರ ಕೊಡುತ್ತೇನೆ, ಮೂರು ತಿಂಗಳಲ್ಲಿ ಬಿಟ್ಟುಕೊಡಿ ಎಂದರು. ಲಿಂಗಯ್ಯನನ್ನು ಕೇಳೋಣವೆಂದರೆ ಅವನು ನಿವೃತ್ತನಾಗಿ ಮಗನ ಜೊತೆ ಭದ್ರಾವತಿಗೆ ಹೋಗಿದ್ದ. ಮರಿಸ್ವಾಮಿ ಒಪ್ಪಿಕೊಂಡ.

ಆಗ ಅವನು ನಿಜವಾಗಿ ಮನೆ ಹುಡುಕಿದ. ಒಂಬತ್ತು ವರ್ಷದ ಹಿಂದೆ ದೇವೀರಮ್ಮನಿಗಿದ್ದ ಹಸಿವಿನಿಂದಲೇ ಹುಡುಕಿದ. ಒಡವೆ ಇಂದ್ರಳ ಮದುವೆಗೆಂದು ತೆಗೆದಿಟ್ಟದ್ದು, ಅದನ್ನು ಮುಟ್ಟುವಂತಿರಲಿಲ್ಲ. ಹೊಲದ ಭಾಗ ಬಿಟ್ಟುಕೊಟ್ಟರೂ, ಬಸವರಾಜು ಕೊಟ್ಟದ್ದನ್ನು ಸೇರಿಸಿದರೂ, ಗೋಡೆಯಿಲ್ಲದ ಬರೀ ಸೈಟಿಗೆ ಸಾಲುತ್ತಿತ್ತು ಅಷ್ಟೆ. ಕಡಕೊಳದ ಕಡೆ ಹೋದರೆ ಸಿಗುತ್ತದೆ, ರೈಲಿನಲ್ಲಿ ಓಡಾಡಬಹುದು ಎಂದು ಒಬ್ಬ ದಲ್ಲಾಳಿ ಹೇಳಿದ. ಬಾಡಿಗೆಗಾದರೂ ನೋಡೋಣವೆಂದರೆ ಎರಡು ರೂಮಿನ ಮನೆಗೆ ಐವತ್ತು, ಅರವತ್ತು. ಸಂಬಳ ನೂರಾಹತ್ತು. ಸಂಜೆ ಸೈಕಲ್ಲಿನಲ್ಲಿ ಬೀದಿ ಬೀದಿ ತಿರುಗಿ ಬಂದು ಜಗಲಿಯ ಮೇಲೆ ಕೂರುತ್ತಿದ್ದ. ಮೂರು ತಿಂಗಳಿನಲ್ಲಿ ಎರಡೂವರೆ ಹಾಗೇ ಕಳೆಯಿತು.

ದೇವೀರಮ್ಮ ಒಂದು ಮಧ್ಯಾಹ್ನ, ಅಗ್ರಹಾರದ ವಠಾರದಲ್ಲಿ ಎರಡು ಕೋಣೆಯ ಒಂದು ಮನೆ ಖಾಲಿಯಾಗಿದೆ, ಇಪ್ಪತ್ತಾರು ರೂಪಾಯಿ, ಮಾತಾಡಿ ಬಂದಿದ್ದೇನೆ ಎಂದಳು. ಯಾವ ವಠಾರವೆಂದು ಅವನು ಕೇಳಬೇಕಾಗಿರಲಿಲ್ಲ.

“ಅಲ್ಲಿಗಾ?”

“ಖಾಲಿ ಇದೆ ಅಂತ ಹೇಳಿದ್ದೇ ಅವರು ಕಣ್ರೀ. ಇನ್ನೊಬ್ಬರು ಮುಂಗಡ ಕೊಡೋಕ್ಕೆ ಬಂದಿದ್ರಂತೆ. ತಡೆದು ನಿಲ್ಲಿಸಿದಾರೆ.”

ಸಾಮಾನು ಎರಡು ಗಾಡಿ ಆಯಿತು. ವಠಾರದ ಓಣಿಯಲ್ಲಿ ಗಾಡಿ ಹೋಗದೆ ಬೀದಿಯಿಂದ ಹೊತ್ತು ಸಾಗಿಸಿದರು. ಸರ್ವಮಂಗಳಮ್ಮ ಬಾಗಿಲಲ್ಲಿ ನಿಂತು, ಮಂಚದ ಕಾಲು ಗೋಡೆಗೆ ತಾಗುತ್ತದೆ ನೋಡಿ ಎಂದಷ್ಟೇ ಹೇಳಿದರು. ಕೂದಲು ಪೂರ್ತಿ ನೆರೆತಿತ್ತು. ಆರು ವರ್ಷದ ಮೇಲೆ ಅವರ ಮುಖವನ್ನು ಮರಿಸ್ವಾಮಿ ನೋಡುತ್ತಿದ್ದದ್ದು.

ಒಂದು ವಾರ ಅವನು ಅವರ ಬಾಗಿಲ ಮುಂದೆ ತಲೆ ತಗ್ಗಿಸಿಕೊಂಡೇ ಓಡಾಡಿದ. ಭಾನುವಾರ ಬೆಳಿಗ್ಗೆ, ಬಸವರಾಜು ಕೊಟ್ಟಿದ್ದರಲ್ಲಿ ಅರ್ಧವನ್ನು ಒಂದು ಲಕೋಟೆಗೆ ಹಾಕಿಕೊಂಡು ಅವರ ಕೋಣೆಗೆ ಹೋದ. ಅವರು ಪೂಜೆ ಮುಗಿಸಿ ಏಳುತ್ತಿದ್ದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಅವನು ಲಕೋಟೆಯನ್ನು ಮಣೆಯ ಮೇಲಿಟ್ಟ.

ಅವರು ಅದನ್ನು ಮುಟ್ಟಲಿಲ್ಲ. ಇದು ಯಾವ ಬಾಬ್ತು ಎಂದು ಕೇಳಿದರು. ಅವನು ಏನೋ ಹೇಳಲು ಹೋಗಿ ತಡವರಿಸಿದ. ಬಾಡಿಗೆಯ ಬಾಕಿಯಲ್ಲ, ಸಾಲದ್ದಲ್ಲ, ದಾನವಂತೂ ಅಲ್ಲ.

“ಹೆಸರಿಲ್ಲದ ದುಡ್ಡನ್ನ ನಾನು ಎಂಗೆ ಇಸ್ಕೊಳ್ಳಲಿ? ತೊಗೊಂಡೋಗಿ. ಮಗಳ ಮದುವೆ ಇದೆಯಲ್ಲ.”

ಮರಿಸ್ವಾಮಿ ಏಳಲಿಲ್ಲ. ನೆಲ ನೋಡಿಕೊಂಡೇ, ಕೋರ್ಟಿನಲ್ಲಿ ನಾನು ಸುಳ್ಳು ಹೇಳಿದೆ ಅಮ್ಮಾವ್ರೆ, ಮನೆ ಹುಡುಕಿರಲಿಲ್ಲ ಎಂದ.

“ಗೊತ್ತು.” ಅವರು ಹೂಬತ್ತಿಯ ಅರಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಸ್ವಲ್ಪ ಹೊತ್ತು ಹೊಸೆದರು. ಆಮೇಲೆ ಸಿಟ್ಟಿಲ್ಲದ ದನಿಯಲ್ಲೇ ಹೇಳಿದರು:

“ಆ ರೂಮು ಒಂದು ಕೊಟ್ಟಿದ್ರೆ ಸಾಕಾಗಿತ್ತು ಮರಿಸ್ವಾಮಿ. ನಾನೂ ಮಾರ್ತಿರಲಿಲ್ಲ, ನೀವೂ ಬಿಡಬೇಕಾಗ್ತಿರಲಿಲ್ಲ. ನನ್ನ ಕಾಲ ಆದ ಮೇಲೆ ಇನ್ಯಾರಿಗೆ ಕೊಡ್ತಿದ್ದೆ ನಾನು ಅದನ್ನ?”

ಈ ಮಾತಿಗೆ ಅವನು ಸಿದ್ಧನಾಗಿ ಬಂದಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಲಕೋಟೆ ತೆಗೆದುಕೊಂಡು ಎದ್ದು ಬಂದು, ತನ್ನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತ. ದೇವೀರಮ್ಮ ತಟ್ಟೆ ಹಾಕಿ ಮುದ್ದೆ ಬಡಿಸಿದಳು.

ಅಲ್ಲಿಂದ ನಾಲ್ಕು ವರ್ಷ ಅವರು ಒಂದೇ ವಠಾರದಲ್ಲಿ ಇದ್ದರು. ನಲ್ಲಿ ಬಿಡುತ್ತಿದ್ದದ್ದು ಬೆಳಿಗ್ಗೆ ಐದಕ್ಕೆ. ದೇವೀರಮ್ಮ ತಮ್ಮ ಎರಡು ಕೊಡದ ಜೊತೆಗೆ ಸರ್ವಮಂಗಳಮ್ಮನದೊಂದು ಕೊಡವನ್ನೂ ಸಾಲಿಗೆ ಇಡುತ್ತಿದ್ದಳು. ಇಂದ್ರಳ ಮದುವೆಯಲ್ಲಿ ಅಕ್ಷತೆ ಕಲಸಿದವರು ಅವರೇ. ಮರಿಸ್ವಾಮಿಯನ್ನು ಕಂಡರೆ ಮಾತಾಡಿಸುತ್ತಿದ್ದರು, ಅಚ್ಚುಕೂಟದಿಂದ ಹಳೆಯ ಪಂಚಾಂಗ ತಂದುಕೊಟ್ಟರೆ ತೆಗೆದುಕೊಳ್ಳುತ್ತಿದ್ದರು. ಕೃಷ್ಣಮೂರ್ತಿಪುರಂನ ವಿಷಯ ಮಾತ್ರ ಒಂದು ದಿನವೂ ಎತ್ತಲಿಲ್ಲ. ಅವನು ಒಮ್ಮೆ, ಅಲ್ಲಿ ಎರಡು ಅಂತಸ್ತು ಎದ್ದಿದೆಯಂತೆ ಎಂದು ಶುರುಮಾಡಿದಾಗ ಎದ್ದು ಒಳಗೆ ಹೋದರು.

ಅರವತ್ತೈದರ ಮಾಘದಲ್ಲಿ ಅವರಿಗೆ ಜ್ವರ ಬಂತು. ದೇವೀರಮ್ಮ ಹನ್ನೊಂದು ದಿನ ಅವರ ಕೋಣೆಯಲ್ಲೇ ಇದ್ದಳು. ಮರಿಸ್ವಾಮಿ ಕೆಲಸಕ್ಕೆ ರಜೆ ಹಾಕಿ ಡಾಕ್ಟರನ್ನು ಕರೆತಂದ, ಔಷಧಿ ತಂದ, ಕೊನೆಯ ಎರಡು ದಿನ ನೀರು ಕುಡಿಸುವಾಗ ತಲೆ ಎತ್ತಿ ಹಿಡಿದ. ಅವರಿಗೆ ಅದು ಯಾರ ಕೈಯೆಂದು ಗೊತ್ತಿತ್ತೋ ಇಲ್ಲವೋ. ಹನ್ನೆರಡನೆಯ ದಿನ ಬೆಳಿಗ್ಗೆ ಹೋದರು.

ತಂತಿ ಕೊಟ್ಟ ಮೇಲೆ ಚಾಮರಾಜನಗರದಿಂದ ಸದಾಶಿವಯ್ಯನ ಮಗ ಬಂದ. ಬ್ಯಾಂಕಿನ ಪುಸ್ತಕ ಅವನಿಗೆ ಸೇರಬೇಕಾದದ್ದು. ದೇವೀರಮ್ಮ ಪೆಟ್ಟಿಗೆಯಿಂದ ತೆಗೆದು ಅವನ ಕೈಗೆ ಕೊಟ್ಟಳು. ಶಿವಗಣಾರಾಧನೆಯವರೆಗೆ ಅವನು ವಠಾರದಲ್ಲೇ ಉಳಿದ. ಮಿತಭಾಷಿ, ಒಳ್ಳೆಯ ಹುಡುಗ. ಓಡಾಟವನ್ನೆಲ್ಲ ಮರಿಸ್ವಾಮಿಯೇ ಮಾಡುತ್ತಿದ್ದದ್ದನ್ನು ನೋಡಿ, ಹೊರಡುವ ದಿನ ಕೈಮುಗಿದು ಕೇಳಿದ:

“ಅತ್ತೆಗೆ ನೀವು ಏನಾಗಬೇಕು?”

ಮರಿಸ್ವಾಮಿ ಬಾಯಿ ತೆರೆದ. ಅವರ ಮನೆಯಲ್ಲಿ ಬಾಡಿಗೆಗಿದ್ದವನು ಎನ್ನಬಹುದಿತ್ತು. ಅವರನ್ನು ಅವರ ಮನೆಯೊಳಕ್ಕೆ ಬಿಡದೆ ಇದ್ದವನು ಎನ್ನಬೇಕಾಗಿತ್ತು. ಎರಡೂ ಹೊರಬರಲಿಲ್ಲ.

“ಒಂದೇ ವಠಾರದವರು ಕಣಪ್ಪ,” ಎಂದಳು ದೇವೀರಮ್ಮ.

ಹುಡುಗ ತಲೆಯಾಡಿಸಿ ಚೀಲ ಎತ್ತಿಕೊಂಡ. ಮರಿಸ್ವಾಮಿ ಅವನನ್ನು ರೈಲು ಹತ್ತಿಸಲು ಹೊರಟ. ಸ್ಟೇಷನ್ನಿನವರೆಗೆ ಇಬ್ಬರೂ ನಡೆದೇ ಹೋದರು. ರೈಲು ಹೋದ ಮೇಲೆ ಅವನು ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತ. ಕೆಲಸಕ್ಕೆ ಹೊತ್ತಾಗಿದ್ದರೂ ಏಳಲು ಮನಸ್ಸಾಗಲಿಲ್ಲ.